ಊರ ಬಾಗಿಲಿನ ತಾಯಿ

ಕನ್ನಡದಲ್ಲಿ ‘ಅಮ್ಮ’ ಎಂಬ ಎರಡಕ್ಷರದ ಮಾತು ಹೊತ್ತಿರುವಷ್ಟು ಹೊರೆಯನ್ನು ಮತ್ತಾವ ಮಾತೂ ಹೊತ್ತಿಲ್ಲವೆಂದು ತೋರುತ್ತದೆ. ಹೆತ್ತವಳು ಅಮ್ಮ, ಇದು ಎಲ್ಲ ನುಡಿಗಳಲ್ಲಿಯೂ ಉಂಟು. ಆದರೆ ನಮ್ಮಲ್ಲಿ ದಾರಿಯಲ್ಲಿ ಎದುರಾದ, ಪರಿಚಯವಿಲ್ಲದ ಹೆಂಗಸೂ ಅಮ್ಮನೇ. ಆಕೆ ಸೊಪ್ಪು ಮಾರುವವಳಾಗಿರಲಿ, ತಾಲ್ಲೂಕು ಕಚೇರಿಯ ಅಧಿಕಾರಿಯಾಗಿರಲಿ, ಮಕ್ಕಳನ್ನು ಹೆತ್ತಿರಲಿ ಹೆರದಿರಲಿ, ಕೇಳುವವರಿಲ್ಲ. ಹೆಣ್ಣುಕೂಸಿಗೆ ಹೆಸರಿಡುವಾಗಲೇ ಲಕ್ಷ್ಮಮ್ಮ, ಗೌರಮ್ಮ ಎಂದು ಆ ಮಾತನ್ನು ಹೆಸರಿನ ಕೊನೆಗೆ ಸೇರಿಸುತ್ತೇವೆ. ತೊಟ್ಟಿಲಲ್ಲಿರುವವಳು ಆಗಲೇ ಅಮ್ಮನಾಗಿಬಿಡುತ್ತಾಳೆ. ಊರ ಅಂಚಿನಲ್ಲಿ ಬೇವಿನ ಮರದಡಿ ಕುಳಿತ ದೇವತೆ ಮಾರಮ್ಮ, ಎಲ್ಲಮ್ಮ, ಅಣ್ಣಮ್ಮ. ಕೊನೆಗೆ, ಮಗುವಿನ ಮೈಮೇಲೆ ಸಿಡುಬಿನ ಗುಳ್ಳೆ ಎದ್ದರೆ ಆ ರೋಗವೂ ಅಮ್ಮನೇ! “ಮಗುವಿಗೆ ಅಮ್ಮ ಆಗಿದೆ” ಎಂದು ತಗ್ಗಿದ ದನಿಯಲ್ಲಿ ಹೇಳಿ, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದ ಮನೆಗಳನ್ನು ನಿಮ್ಮಲ್ಲಿ ಹಿರಿಯರಾದವರು ಬಲ್ಲಿರಿ.

ಹೆತ್ತವಳು, ಹೆರದವಳು, ಕಾಯುವವಳು, ಕಾಡುವವಳು ಎಲ್ಲರೂ ಒಂದೇ ಮಾತಿನಲ್ಲಿ ಅಡಗಬೇಕಾದರೆ ಆ ಮಾತಿನ ಅರ್ಥ ಕೇವಲ ಗರ್ಭಕ್ಕೆ ಸೇರಿದುದಾಗಿರಲಾರದು. ಹಾಗಾದರೆ ಅದು ಯಾವುದಕ್ಕೆ ಸೇರಿದುದು? ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡು, ಬೆಂಗಳೂರಿನ ಉತ್ತರಕ್ಕಿರುವ ಯಲಹಂಕ, ಹೆಬ್ಬಾಳದ ಸೀಮೆಯಲ್ಲಿ ವಾಚಕರೊಡನೆ ಸ್ವಲ್ಪ ದೂರ ನಡೆಯಬೇಕೆಂದು ನನ್ನ ಅಪೇಕ್ಷೆ.

ನಡೆಯುವ ಮುನ್ನ ಒಂದು ಪರದೇಶದ ಸಮಾಚಾರ. ಪಾಶ್ಚಾತ್ಯ ದೇಶಗಳಲ್ಲಿ ಇಂದು ತಮ್ಮನ್ನು ‘ಪೇಗನ್’ ಎಂದು ಕರೆದುಕೊಳ್ಳುವ ಜನರಿದ್ದಾರೆ. ಈ ಶಬ್ದದ ಮೂಲ ಲ್ಯಾಟಿನ್ನಿನ ‘ಪಾಗಾನುಸ್’. ಅದರ ಮೊದಲ ಅರ್ಥ ಹಳ್ಳಿಗ ಎಂದು; ಮುಂದೆ ರೋಮಿನ ದಂಡಿನವರ ಬಾಯಲ್ಲಿ ಅದಕ್ಕೆ ಸೈನಿಕನಲ್ಲದ ಸಾಮಾನ್ಯ ಪ್ರಜೆ ಎಂಬ ಅರ್ಥವೂ ಬಂದಿತು. ಹೊಸ ಧರ್ಮವನ್ನು ಒಪ್ಪದೆ ಹಳೆಯ ದೇವತೆಗಳನ್ನೇ ನಂಬಿದವರನ್ನು ಹೀಗಳೆಯಲು ಈ ಮಾತು ಬಳಕೆಯಾಯಿತು. ನಮ್ಮ ಲಾಕ್ಷಣಿಕರು ಒರಟು ನುಡಿಯನ್ನು ‘ಗ್ರಾಮ್ಯ’ವೆಂದು ಕರೆದು ಕಾವ್ಯದಿಂದ ಹೊರಗಿಟ್ಟರಷ್ಟೆ, ಇದೂ ಅಂಥದೇ ಬೈಗುಳು. ಬೈಗುಳನ್ನೇ ಬಿರುದಾಗಿ ಮಾಡಿಕೊಂಡವರು ಇಂದಿನ ಪೇಗನ್ನರು. ಇಂಗ್ಲೆಂಡಿನಲ್ಲಿ ಮಾಟಗಾತಿಯರ ಮೇಲಿನ ಹಳೆಯ ಕಾನೂನು ೧೯೫೧ರಲ್ಲಿ ರದ್ದಾಯಿತು. ೧೯೫೪ರಲ್ಲಿ ಜೆರಾಲ್ಡ್ ಗಾರ್ಡ್‌ನರ್ ಎಂಬವರು ಆ ವಿದ್ಯೆಯನ್ನು ಕುರಿತು ಪುಸ್ತಕ ಬರೆದರು. ಐಸ್‌ಲೆಂಡಿನಲ್ಲಿ ಪ್ರಾಚೀನ ದೇವತೆಗಳ ಆರಾಧಕರ ಸಂಘಕ್ಕೆ ೧೯೭೩ರಲ್ಲಿ ಸರ್ಕಾರದ ಮನ್ನಣೆಯೇ ದೊರೆಯಿತು. ಇವೆಲ್ಲ ಅವಿಚ್ಛಿನ್ನ ಪರಂಪರೆಯಲ್ಲ, ಬಹುಮಟ್ಟಿಗೆ ಈಚಿನ ಪುನರ್ರಚನೆ ಎಂದು ರೊನಾಲ್ಡ್ ಹಟನ್ ಎಂಬ ಇತಿಹಾಸಕಾರರು ೧೯೯೯ರಲ್ಲಿ ವಿಸ್ತಾರವಾಗಿ ತೋರಿಸಿದ್ದಾರೆ.

ಅವರಲ್ಲಿ ಅನೇಕರು ದೇವಿಯನ್ನು ಕನ್ಯೆ, ತಾಯಿ, ಮುದುಕಿ ಎಂಬ ಮೂರು ರೂಪಗಳಲ್ಲಿ ಭಾವಿಸುತ್ತಾರೆ. ರಾಬರ್ಟ್ ಗ್ರೇವ್ಸ್ ಎಂಬ ಕವಿ ೧೯೪೮ರಲ್ಲಿ ಪ್ರಚಾರಕ್ಕೆ ತಂದ ಕಲ್ಪನೆ ಇದು. ಚೆನ್ನಾಗಿದೆ, ಆದರೆ ಅವರ ಹೆಂಗಸರೇ ಈಗ ಪ್ರಶ್ನೆ ಎತ್ತಿದ್ದಾರೆ. ಮಕ್ಕಳಿಲ್ಲದವಳಿಗೆ ಈ ಮೂರರಲ್ಲಿ ಸ್ಥಾನವೆಲ್ಲಿ? ದೇವಿಯನ್ನು ತಾಯಿಯೆಂದು ಹಾಡಿದ ಮಾತ್ರಕ್ಕೆ ಮನೆಯ ತಾಯಿಗೆ ನಗರಸಭೆಯಲ್ಲಿ ಕುರ್ಚಿ ದೊರೆಯಿತೇ? ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರು ದೇವಿಯ ಸನ್ನಿಧಿಗೆ ಸಲ್ಲುವರೇ? ಅವರು ಪುಸ್ತಕಗಳಿಂದ ಕಟ್ಟಿಕೊಂಡು ಈಗ ಚರ್ಚಿಸುತ್ತಿರುವ ಈ ವಿಷಯಗಳು ನಮ್ಮಲ್ಲಿ ಕಲ್ಲಿನ ರೂಪದಲ್ಲಿ, ಜಾತ್ರೆಯ ರೂಪದಲ್ಲಿ, ಕೆರೆಯ ಏರಿಯ ರೂಪದಲ್ಲಿ ಕಣ್ಣೆದುರಿಗೇ ಇವೆ. ನಮ್ಮ ಗ್ರಾಮದೇವತೆಯ ಒಕ್ಕಲಿನವರು ತಮ್ಮನ್ನು ಪೇಗನ್ನರೆಂದು ಕರೆದುಕೊಂಡವರಲ್ಲ, ಕರೆದುಕೊಳ್ಳಬೇಕಾಗಿಯೂ ಇಲ್ಲ. ಆದರೆ ಪ್ರಶ್ನೆಗಳು ಒಂದೇ ಆಗಿರುವುದರಿಂದ ಉತ್ತರಕ್ಕಾಗಿ ನಮ್ಮ ಅಂಗಳವನ್ನು ನೋಡುವುದು ಯುಕ್ತ.

ಹೆಬ್ಬಾಳದಿಂದ ಆರಂಭಿಸೋಣ. ಇಂದು ಮೇಲುಸೇತುವೆಯ ವಾಹನಸಂದಣಿಗೆ ಹೆಸರಾದ ಈ ಊರು ಸಾಮಾನ್ಯವಾದುದಲ್ಲ. ೨೦೧೮ರಲ್ಲಿ ಅಲ್ಲಿ ಬೆಳಕಿಗೆ ಬಂದ ವೀರಗಲ್ಲೊಂದು ಗಂಗರ ದೊರೆ ಶ್ರೀಪುರುಷನ ಕಾಲದ್ದು, ಎಂದರೆ ಕ್ರಿ.ಶ. ೭೫೦ರ ಸುಮಾರಿನದು. ಶತ್ರುಗಳು ಏರಿ ಬಂದಾಗ ಕಾದಿ ಮಡಿದ ಕಿತ್ತಯ್ಯನೆಂಬವನ ಸ್ಮಾರಕ ಅದು. ಅದರಲ್ಲಿ ಈ ನಾಡಿನ ಹೆಸರು ಪೆರ್ಬೊಳಲ್ನಾಡು ಎಂದಿದೆ. ‘ಪೆರ್’ ಎಂದರೆ ಹಿರಿದು, ‘ಪೊಳಲ್’ ಎಂದರೆ ಪಟ್ಟಣ. ಪಕಾರ ಹಕಾರವಾಗುವ ನಮ್ಮ ನುಡಿಯ ನಿಯಮದಂತೆ ಹಿರಿಯ ಪೊಳಲು ಹೆಬ್ಬಾಳವಾಯಿತು. ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಇಲ್ಲಿನ ಜನ ತಮ್ಮ ಊರನ್ನು ದೊಡ್ಡ ಪಟ್ಟಣವೆಂದು ಕರೆದುಕೊಂಡು, ಅದಕ್ಕಾಗಿ ಪ್ರಾಣ ಕೊಟ್ಟವನ ಹೆಸರನ್ನು ಕಲ್ಲಿನಲ್ಲಿ ಕೊರೆದಿಟ್ಟರು. ನಾಗರಿಕ ಜೀವನದ ಕೃತಜ್ಞತೆ ಎಂದರೆ ಇದೇ.

ಆದರೆ ಕನ್ನಡನಾಡಿನ ಸ್ಮಾರಕಶಿಲೆಗಳನ್ನು ಒಟ್ಟಾಗಿ ನೋಡಿದರೆ ಒಂದು ಸಂಗತಿ ಮನಸ್ಸನ್ನು ಚುಚ್ಚುತ್ತದೆ. ಗಂಡಸಿಗೆ ವೀರಗಲ್ಲು, ತುರುಗಳನ್ನು ಕಾದುದಕ್ಕೆ, ಊರನ್ನು ಕಾದುದಕ್ಕೆ. ಹೆಂಗಸಿಗೆ ಮಾಸ್ತಿಗಲ್ಲು; ಗಂಡನ ಚಿತೆಯನ್ನೇರಿದುದಕ್ಕೆ. ಬಳೆ ತೊಟ್ಟು ಮೇಲೆತ್ತಿದ ಒಂದು ತೋಳು ಆ ಕಲ್ಲಿನ ಗುರುತು. ಹೆಗ್ಗಡದೇವನಕೋಟೆಯ ಸೀಮೆಯ ಬೆಳತೂರಿನಲ್ಲಿರುವ ೧೦೫೭ರ ಶಾಸನ ದೇಕಬ್ಬೆ ಎಂಬಾಕೆ ಹೀಗೆ ಬೆಂಕಿಗೆ ಬಿದ್ದುದನ್ನು ಹೇಳುತ್ತದೆ. ಅವನು ಏನು ಮಾಡಿದನೆಂಬುದು ಅವನ ಕಲ್ಲಿನಲ್ಲಿದೆ. ಅವಳು ಯಾರಿಗಾಗಿ ಸತ್ತಳೆಂಬುದು ಅವಳ ಕಲ್ಲಿನಲ್ಲಿದೆ. ಈ ಅಂತರವನ್ನು ವಾಚಕರು ಮನಸ್ಸಿನಲ್ಲಿಡಬೇಕೆಂದು ಬೇಡುತ್ತೇನೆ. ಮುಂದಿನ ಮಾತಿಗೆ ಇದು ಬೇಕಾಗುತ್ತದೆ.

ಹೆಬ್ಬಾಳವನ್ನು ದಾಟಿ ಉತ್ತರಕ್ಕೆ ಹೋದರೆ ಯಲಹಂಕ. ಇಲ್ಲಿನ ನಾಡಪ್ರಭುಗಳ ವಂಶದ ಕೆಂಪೇಗೌಡನು ೧೫೩೭ರಲ್ಲಿ ಬೆಂಗಳೂರಿನ ಕೋಟೆ ಪೇಟೆಗಳನ್ನು ಕಟ್ಟಿದ. ಪೇಟೆಯ ಉತ್ತರದ ಹೆಬ್ಬಾಗಿಲಿಗೆ ಯಲಹಂಕದ ಬಾಗಿಲೆಂದೇ ಹೆಸರು. ವಂಶದ ನೆನಪಿನ ನಾಲ್ಕು ಗೋಪುರಗಳಲ್ಲಿ ಉತ್ತರದ್ದು ಮೇಖ್ರಿ ವೃತ್ತದ ಬಳಿ ಇಂದಿಗೂ ನಿಂತಿದೆ, ಆರ್.ಟಿ. ನಗರದವರು ದಿನವೂ ಅದನ್ನು ಬಳಸಿಯೇ ಪೇಟೆಗೆ ಹೋಗುತ್ತಾರೆ. ೨೦೨೨ರಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣದಲ್ಲಿ ಕೆಂಪೇಗೌಡನಿಗೆ ೧೦೮ ಅಡಿಯ ಕಂಚಿನ ಪ್ರತಿಮೆಯೂ ಎದ್ದಿತು.

ಆದರೆ ಊರು ಕಟ್ಟಿದ ಕತೆಯಲ್ಲಿ ಇನ್ನೊಬ್ಬಳಿದ್ದಾಳೆ. ಕೋಟೆಯ ದಕ್ಷಿಣದ ಬಾಗಿಲು ಎಷ್ಟು ಸಲ ಕಟ್ಟಿದರೂ ಬೀಳುತ್ತಿತ್ತಂತೆ. ಗರ್ಭಿಣಿಯನ್ನು ಬಲಿ ಕೊಟ್ಟರಲ್ಲದೆ ನಿಲ್ಲದೆಂದು ತಿಳಿದವರು ಹೇಳಿದರಂತೆ. ಪ್ರಭು ಒಪ್ಪಲಿಲ್ಲ. ಅವನ ಸೊಸೆ, ತುಂಬು ಬಸುರಿ ಲಕ್ಷ್ಮೀದೇವಿ, ನಡುರಾತ್ರಿ ಯಾರಿಗೂ ಹೇಳದೆ ಬಾಗಿಲ ಬಳಿಗೆ ಬಂದು ಕತ್ತಿಯಿಂದ ತನ್ನ ಕೊರಳನ್ನು ತಾನೇ ಕೊಯ್ದುಕೊಂಡಳಂತೆ. ಬಾಗಿಲು ನಿಂತಿತು. ಕೋರಮಂಗಲದಲ್ಲಿ ಅವಳ ಹೆಸರಿನ ಗುಡಿ ಇದೆ. ಇದು ಐತಿಹ್ಯ, ಶಾಸನದ ಆಧಾರವುಳ್ಳ ಚರಿತ್ರೆಯಲ್ಲ. ಆದರೆ ಐತಿಹ್ಯಕ್ಕೂ ಅದರದೇ ಸತ್ಯವಿದೆ. ‘ಕೆರೆಗೆ ಹಾರ’ವೆಂಬ ಹಾಡುಗತೆಯ ಭಾಗೀರಥಿಯನ್ನು ನೆನೆಯಿರಿ. ಅಲ್ಲಿ ಕೆರೆಗೆ ನೀರು ಬರಲೊಲ್ಲದು. ಬಲಿಯಾಗುವವಳು ಕಿರಿಯ ಸೊಸೆ. ಇಲ್ಲಿ ಕೋಟೆ ನಿಲ್ಲಲೊಲ್ಲದು. ಬಲಿಯಾಗುವವಳು ಮತ್ತೆ ಸೊಸೆಯೇ. ಕೆರೆ, ಕೋಟೆ ಎರಡೂ ಊರೊಟ್ಟಿನ ಆಸ್ತಿ. ಊರಿಗೆ ಬೇಕಾದುದಕ್ಕೆ ಮನೆಯ ಹೊರಗಿನಿಂದ ಬಂದ ಹೆಣ್ಣು ಬೆಲೆ ತೆರುತ್ತಾಳೆ. ತೆತ್ತ ಮೇಲೆ ನಾವು ಅವಳಿಗೆ ಗುಡಿ ಕಟ್ಟಿ ‘ಅಮ್ಮ’ ಎನ್ನುತ್ತೇವೆ.

ಹಾಗಾದರೆ ನಮ್ಮ ಅಮ್ಮಂದಿರ ಆರಾಧನೆಯೆಲ್ಲ ತೆತ್ತ ಬೆಲೆಗೆ ಹೊದಿಸಿದ ಹೂವೇ? ಹಾಗೆಂದು ಆತುರದಿಂದ ತೀರ್ಮಾನಿಸಬಾರದು. ಗ್ರಾಮದೇವತೆಯ ಕೆಲಸವೇನೆಂದು ಸ್ವಲ್ಪ ವಿಚಾರಿಸಿ ನೋಡಿರಿ. ಅವಳು ಕೂರುವುದು ಊರ ನಡುವಿನ ಅಗ್ರಹಾರದಲ್ಲಲ್ಲ. ಎಲ್ಲೆಯಲ್ಲಿ, ಕೆರೆಯ ಏರಿಯ ಮೇಲೆ, ಬಾಗಿಲಲ್ಲಿ. ಎಲ್ಲೆಯನ್ನು ಕಾಯುವುದು, ನೀರನ್ನು ಕಾಯುವುದು, ರೋಗವನ್ನು ಹೊರಗೆ ತಡೆಯುವುದು ಅವಳ ಮೂರು ಉದ್ಯೋಗ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಪೊಲೀಸು, ಜಲಮಂಡಲಿ, ಆರೋಗ್ಯ ಇಲಾಖೆ ಮೂರೂ ಒಬ್ಬಳ ಕೈಯಲ್ಲಿವೆ. ಅವಳ ಜಾತ್ರೆಗೆ ಊರಿನ ಎಲ್ಲ ಕುಲದವರಿಗೂ ಒಂದೊಂದು ಸೇವೆ ಗೊತ್ತಾಗಿರುತ್ತದೆ. ಮಡಕೆ ಕುಂಬಾರನದು, ಮಡಿಬಟ್ಟೆ ಅಗಸನದು, ತಂಬಿಟ್ಟಿನ ಆರತಿ ಮನೆಮನೆಯ ಹೆಂಗಸರದು. ಬೆಂಗಳೂರಿನ ಊರದೇವತೆಯೆಂದು ಪ್ರಸಿದ್ಧಳಾದ ಅಣ್ಣಮ್ಮನನ್ನು ಇಂದಿಗೂ ಬೀದಿಬೀದಿಯವರು ಚಪ್ಪರ ಹಾಕಿ ತಮ್ಮಲ್ಲಿಗೆ ಬಿಜಮಾಡಿಸಿಕೊಳ್ಳುತ್ತಾರೆ. ಬೀದಿಯವರು ವಂತಿಗೆ ಎತ್ತಿ, ಕೂತು, ಜಗಳವಾಡಿ, ಒಪ್ಪಂದವಾಗಿ ಒಂದು ಕೆಲಸ ಮುಗಿಸುವ ಅಭ್ಯಾಸವನ್ನು ಅನೇಕ ಮೊಹಲ್ಲೆಗಳಿಗೆ ಕಲಿಸಿದವಳು ಈ ತಾಯಿ.

ಮದರಾಸಿನ ಬಿಷಪ್ಪರಾಗಿದ್ದ ಹೆನ್ರಿ ವೈಟ್‌ಹೆಡ್ ಎಂಬವರು ದಕ್ಷಿಣದ ಗ್ರಾಮದೇವತೆಗಳನ್ನು ಕುರಿತು ೧೯೧೬ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಈ ದೇವತೆಗಳು ಹೆಚ್ಚಾಗಿ ಹೆಣ್ಣುಗಳೇ ಎಂಬುದು ಅವರ ಕಣ್ಣಿಗೆ ಎದ್ದು ಕಂಡ ವಿಷಯ. ನಾವು ಇನ್ನೊಂದನ್ನು ಸೇರಿಸಬಹುದು: ಬಹುಪಾಲು ಮಾರಮ್ಮಂದಿರಿಗೆ ಪಕ್ಕದಲ್ಲಿ ಗಂಡನಿಲ್ಲ, ತೊಡೆಯ ಮೇಲೆ ಮಗುವಿಲ್ಲ. ಅವರಿಗೆ ಅಕ್ಕತಂಗಿಯರಿದ್ದಾರೆ, ಏಳು ಮಂದಿ ಎಂಬುದು ವಾಡಿಕೆ. ಈ ಏಳರ ಎಣಿಕೆ ಹಳ್ಳಿಯಲ್ಲಿ ಮಾತ್ರವಲ್ಲ, ಅರಮನೆಯಲ್ಲಿಯೂ ಇತ್ತು. ಬಾದಾಮಿಯ ಚಳುಕ್ಯರು ತಮ್ಮ ಶಾಸನಗಳಲ್ಲಿ ತಮ್ಮನ್ನು ಹಾರೀತಿಯ ಪುತ್ರರೆಂದೂ ಸಪ್ತಮಾತೃಕೆಯರಿಂದ ಬೆಳೆದವರೆಂದೂ ಹೇಳಿಕೊಂಡರು. ಐಹೊಳೆಯ ರಾವಣಫಡಿ ಗುಹೆಯಲ್ಲಿ ಕುಣಿಯುವ ಶಿವನ ಸುತ್ತ ಆ ಮಾತೃಕೆಯರನ್ನು ಇಂದಿಗೂ ಕಾಣಬಹುದು. ಕೋಲಾರಮ್ಮನ ಗುಡಿಯಲ್ಲಿಯೂ ಸಪ್ತಮಾತೃಕೆಯರ ಪೂಜೆ ಉಂಟು. ನರ್ಮದೆಯವರೆಗೆ ಆಳಿದ ದೊರೆಗಳಿಗೆ ತಾವು ತಾಯಂದಿರ ಹೆಸರಿನ ಮಕ್ಕಳೆಂದು ಹೇಳಿಕೊಳ್ಳಲು ನಾಚಿಕೆಯಾಗಲಿಲ್ಲ. ಹೆರದೆಯೂ ಪೊರೆಯಬಹುದು, ಪೊರೆಯುವುದೇ ತಾಯ್ತನ, ಪೊರೆಯುವ ಬಲದಿಂದಲೇ ರಾಜ್ಯ: ಇಷ್ಟು ಅರ್ಥ ಆ ಬಿರುದುಗಳಲ್ಲಿದೆ.

ಆದುದರಿಂದ ನಮ್ಮ ಮೊದಲ ಪ್ರಶ್ನೆಗೆ ಉತ್ತರ ದೊರೆಯಿತೆಂದು ತಿಳಿಯುತ್ತೇನೆ. ‘ಅಮ್ಮ’ ಎಂಬುದು ಗರ್ಭದ ಹೆಸರಲ್ಲ, ಅಧಿಕಾರದ ಹೆಸರು; ಊರನ್ನು ಕಾಯುವ ಹೊಣೆಯ ಹೆಸರು. ಮಕ್ಕಳಿಲ್ಲದವಳಿಗೆ ಸ್ಥಾನವೆಲ್ಲಿ ಎಂದು ಪಶ್ಚಿಮದ ಸೋದರಿಯರು ಕೇಳಿದರೆ, ಊರ ಬಾಗಿಲಲ್ಲಿ ಎಂದು ನಮ್ಮ ಮಾರಮ್ಮ ಹೇಳಿಯಾಳು.

ಎರಡನೆಯ ಪ್ರಶ್ನೆ ಗಂಡು ಹೆಣ್ಣಿನ ಪಾತ್ರವನ್ನು ಕುರಿತದ್ದು. ಇದಕ್ಕೆ ಬೆಂಗಳೂರಿನ ಕರಗಕ್ಕಿಂತ ಒಳ್ಳೆಯ ಪಾಠ ಬೇರಿಲ್ಲ. ಕರಗವೆಂದರೆ ನೀರಿನ ಪಾತ್ರೆ; ಸಂಸ್ಕೃತದ ‘ಕರಕ’ದಿಂದ ಬಂದ ಮಾತು. ಚೈತ್ರದ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಡುವ ಈ ಉತ್ಸವ ತೋಟಗಾರಿಕೆಯಲ್ಲಿ ಹೆಸರಾದ ತಿಗಳ ಸಮಾಜದ್ದು. ಕರಗ ಹೊರುವವನು ಗಂಡಸು. ಆದರೆ ಸೀರೆಯುಟ್ಟು, ಬಳೆ ತೊಟ್ಟು, ಹೆಂಡತಿಯ ಮಾಂಗಲ್ಯವನ್ನು ತನ್ನ ಕೊರಳಿಗೆ ಕಟ್ಟಿಕೊಂಡು, ದ್ರೌಪದಿಯ ಆವೇಶವನ್ನು ತಾಳಿ ನಡೆಯುತ್ತಾನೆ. ಕತ್ತಿ ಹಿಡಿದು ಅವನನ್ನು ಸುತ್ತುವರಿದವರು ವೀರಕುಮಾರರು. ಭಾರತದ ದ್ರೌಪದಿ ಹೆತ್ತ ಐವರು ಮಕ್ಕಳನ್ನು ಅಶ್ವತ್ಥಾಮ ಒಂದೇ ರಾತ್ರಿಯಲ್ಲಿ ಕೊಂದ. ಕರಗದ ಐತಿಹ್ಯದ ದ್ರೌಪದಿಯಾದರೋ ತಿಮಿರಾಸುರನನ್ನು ಇದಿರಿಸಲು ತನ್ನ ಶಕ್ತಿಯಿಂದ ವೀರಕುಮಾರರ ದಂಡನ್ನೇ ಸೃಷ್ಟಿಸಿದಳು. ಬಿಟ್ಟು ಹೋಗಬೇಡವೆಂದು ಅವರು ಬೇಡಿದಾಗ ವರ್ಷಕ್ಕೊಮ್ಮೆ ಬರುವೆನೆಂದು ಮಾತು ಕೊಟ್ಟಳು. ಹೆತ್ತ ಮಕ್ಕಳನ್ನು ಕಳೆದುಕೊಂಡವಳನ್ನು ಒಂದು ಊರೇ ಮಕ್ಕಳಾಗಿ ನಿಂತು ಎದುರುಗೊಳ್ಳುತ್ತದೆ. ಆ ಮೆರವಣಿಗೆ ಪೇಟೆಯ ಗುಡಿಗಳನ್ನು ಸುತ್ತಿ ಕಾಟನ್‌ಪೇಟೆಯಲ್ಲಿ ತವಕ್ಕಲ್ ಮಸ್ತಾನರ ದರ್ಗಾದ ಮುಂದೆಯೂ ನಿಲ್ಲುತ್ತದೆ. ನಾಗರಿಕತೆಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೆ?

ಆದರೂ ಮೇಷ್ಟರ ಕಸುಬಿನಲ್ಲಿ ಮಕ್ಕಳು ಸುಮ್ಮನೆ ಬಿಡುವುದಿಲ್ಲ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ಹೆಂಗಸಿನ ವೇಷದ ಗಂಡಸು ಕರಗ ಹೊರಬಹುದಾದರೆ ಹೆಂಗಸೇ ಏಕೆ ಹೊರಬಾರದು, ಮೇಷ್ಟ್ರೇ?” ಸಂಪ್ರದಾಯದ ಮಾತನ್ನು ಸಂಪ್ರದಾಯದವರೇ ಹೇಳಬೇಕು, ಹೊರಗಿನವರು ತೀರ್ಪು ಕೊಡುವುದು ಸಲ್ಲ. ಆದರೆ ಪ್ರಶ್ನೆ ಸಣ್ಣದೆಂದು ಹೇಳುವ ಧೈರ್ಯ ನನಗಿಲ್ಲ. ಗಂಡಸು ಕೆಲವು ದಿನ ವ್ರತ ಹಿಡಿದು ಹೆಣ್ಣುಡುಗೆಯುಟ್ಟು ತನ್ನ ಗಂಡುತನದ ಹಮ್ಮನ್ನು ತಾಯಿಯ ಪಾದಕ್ಕೆ ಇಳಿಸುತ್ತಾನೆ. ಇದು ದೊಡ್ಡ ವಿನಯ. ಆ ವಿನಯ ಹುಣ್ಣಿಮೆ ಕಳೆದ ಮೇಲೆಯೂ ಮನೆಯಲ್ಲಿ ಉಳಿಯಿತೇ ಎಂಬುದೇ ಆ ಹುಡುಗಿಯ ನಿಜವಾದ ಪ್ರಶ್ನೆ.

ಸವದತ್ತಿಯ ಎಲ್ಲಮ್ಮನ ಪರಂಪರೆಯಲ್ಲಿ ಇದೇ ವಿಷಯಕ್ಕೆ ಎರಡು ಮುಖಗಳಿವೆ. ಗಂಡಾಗಿ ಹುಟ್ಟಿ ಹೆಣ್ಣಿನ ಬಾಳನ್ನು ಬಾಳುವವರಿಗೆ ಜೋಗಪ್ಪ, ಜೋಗತಿ ಎಂಬ ಹೆಸರಿಟ್ಟು ದೇವಿಯ ಕೊಡವನ್ನು ತಲೆಯ ಮೇಲಿಟ್ಟದ್ದು ಒಂದು ಮುಖ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರು ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ೨೦೨೧ರಲ್ಲಿ ಪದ್ಮಶ್ರೀ ಪಡೆದರು. ಮನೆ ಹೊರಗೆ ಹಾಕಿದವರನ್ನು ಒಳಗೆ ಕರೆದುಕೊಂಡಳು ತಾಯಿ. ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ಅವರ ಬಾಳನ್ನೇ ಹಾಳುಮಾಡಿದ್ದು ಇನ್ನೊಂದು ಮುಖ. ಅದನ್ನು ನಿಲ್ಲಿಸಲು ೧೯೮೨ರ ದೇವದಾಸಿ ಸಮರ್ಪಣಾ ನಿಷೇಧದ ಕಾನೂನೇ ಬರಬೇಕಾಯಿತು. ಹಳೆಯದೆಲ್ಲ ಹೊನ್ನು ಎಂದು ಕಣ್ಮುಚ್ಚಿ ಹೇಳುವವರಿಗೂ, ಹಳೆಯದೆಲ್ಲ ಮೌಢ್ಯ ಎಂದು ತಳ್ಳುವವರಿಗೂ ಎಲ್ಲಮ್ಮನ ಗುಡ್ಡ ಒಂದೇ ಏಟಿಗೆ ಉತ್ತರ ಕೊಡುತ್ತದೆ.

ಇನ್ನು ಮೂರನೆಯ ಪ್ರಶ್ನೆ: ದೇವಿಗೆ ಕೊಟ್ಟ ಅಧಿಕಾರವನ್ನು ಹೆಣ್ಣಿಗೆ ಎಂದಾದರೂ ಕೊಟ್ಟೆವೇ? ಕೊಟ್ಟ ಕಡೆ ಏನಾಯಿತು? ಇದಕ್ಕೆ ೧೮೯೮ನೆಯ ಇಸವಿಯನ್ನು ನೋಡಬೇಕು.

ಆ ವರ್ಷ ಬೆಂಗಳೂರಿಗೆ ಪ್ಲೇಗು ಬಂದಿತು. ಇಲಿ ಬಿದ್ದ ಮನೆಯನ್ನು ಬಿಟ್ಟು ಜನ ಬಯಲಿಗೆ ಓಡಿದರು. ಸಿಡುಬಿಗೆ ಮಾರಮ್ಮನಿದ್ದಂತೆ ಪ್ಲೇಗಿಗೆ ಒಬ್ಬಳು ಬೇಕಾಯಿತು. ಪ್ಲೇಗಮ್ಮ, ಪ್ಲೇಗ್ ಮಾರಮ್ಮ ಎಂಬ ಗುಡಿಗಳು ಎದ್ದವು, ಇಂದಿಗೂ ಇವೆ. ಆಗ ಮೈಸೂರು ಸೀಮೆಯನ್ನು ಆಳುತ್ತಿದ್ದವರು ಯಾರು? ಒಬ್ಬ ತಾಯಿ. ೧೮೯೪ರ ಡಿಸೆಂಬರಿನಲ್ಲಿ ಚಾಮರಾಜ ಒಡೆಯರು ಕಲ್ಕತ್ತದಲ್ಲಿ ಅಕಾಲ ಮರಣಕ್ಕೆ ತುತ್ತಾದಾಗ ಅವರ ಮಗ ಇನ್ನೂ ಬಾಲಕ. ಮಹಾರಾಣಿ ಕೆಂಪನಂಜಮ್ಮಣ್ಣಿಯವರು, ವಾಣಿವಿಲಾಸ ಸನ್ನಿಧಾನದವರು, ಮಗನ ಪರವಾಗಿ ೧೯೦೨ರವರೆಗೆ ರಾಜ್ಯಭಾರ ಮಾಡಿದರು. ಪ್ಲೇಗು ಬಂದುದು ಅವರ ಕಾಲದಲ್ಲಿ. ಇಕ್ಕಟ್ಟಾದ ಪೇಟೆಗೆ ಗಾಳಿ ಬೆಳಕು ಬೇಕೆಂದು ಮಲ್ಲೇಶ್ವರ, ಬಸವನಗುಡಿಗಳ ಬಡಾವಣೆಗಳು ಹೊರಟುದು ಆ ಅನುಭವದಿಂದ. ವಿಕ್ಟೋರಿಯ ಆಸ್ಪತ್ರೆ ತೆರೆದುದು ೧೯೦೦ರಲ್ಲಿ, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುಚ್ಛಕ್ತಿ ಹರಿದುದು ೧೯೦೨ರಲ್ಲಿ. ದಿವಾನರೂ ತಜ್ಞರೂ ದುಡಿದರು ನಿಜ. ಆದರೆ ರಾಜ್ಯಾಧಿಕಾರ ಆಕೆಯದಾಗಿತ್ತು. ಇಂದು ಯಶವಂತಪುರದಿಂದ ಮಲ್ಲೇಶ್ವರದ ಸಾಲುಮರಗಳ ನಡುವೆ ನಡೆದು ಬರುವವರು ಆ ಬಡಾವಣೆಯ ಹಿಂದೆ ಒಂದು ಮಹಾಮಾರಿಯೂ ಒಬ್ಬ ತಾಯಿಯ ಆಳ್ವಿಕೆಯೂ ಇವೆಯೆಂದು ನೆನೆದಾರೆ?

ಇದೇ ಕಾಲದ ಇನ್ನೊಂದು ಕೆಲಸ ನನಗೆ ಬಲು ಅರ್ಥವತ್ತಾಗಿ ಕಾಣುತ್ತದೆ. ಹಿರಿಯೂರಿನ ಬಳಿ ವೇದಾವತಿ ನದಿಗೆ ಎರಡು ಗುಡ್ಡಗಳ ನಡುವೆ ಅಣೆಕಟ್ಟು ಕಟ್ಟಲು ಹೊರಟದ್ದು ಆಕೆಯ ರಾಜ್ಯಭಾರದಲ್ಲಿ, ಮುಗಿದುದು ೧೯೦೭ರಲ್ಲಿ. ಕಡತದಲ್ಲಿ ಅದರ ಹೆಸರು ವಾಣಿವಿಲಾಸ ಸಾಗರ. ಜನರ ಬಾಯಲ್ಲಿ ಮಾರಿಕಣಿವೆ. ಅಲ್ಲಿರುವ ಕಣಿವೆ ಮಾರಮ್ಮನಿಂದ ಬಂದ ಹೆಸರು. ಒಂದೇ ನೀರಿಗೆ ದೇವಿಯ ಹೆಸರೂ ಉಂಟು, ಆಳಿದ ಹೆಂಗಸಿನ ಹೆಸರೂ ಉಂಟು. ಕೆರೆ ತುಂಬಲು ಭಾಗೀರಥಿ ಮುಳುಗಬೇಕಾಗಿತ್ತು. ಈ ಸಾಗರ ತುಂಬಲು ಯಾವ ಸೊಸೆಯೂ ಮುಳುಗಲಿಲ್ಲ. ಹೆಣ್ಣು ಬಲಿಯಾಗಿ ಅಲ್ಲ, ಆಜ್ಞೆ ಕೊಡುವವಳಾಗಿ ಊರಿಗೆ ನೀರು ತಂದಳು. ಎರಡು ಕತೆಗಳ ನಡುವಣ ಅಂತರವೇ ನಾನು ಹೇಳಬೇಕಾದ ಇತಿಹಾಸದ ಸಾರ.

ಈ ದಾರಿ ಅನಂತರ ನಿಧಾನವಾಗಿ ಅಗಲವಾಯಿತು. ೧೯೫೯ರಲ್ಲಿ ಇಂದಿರಮ್ಮನವರು ಬೆಂಗಳೂರಿನ ಪ್ರಥಮ ಮಹಿಳಾ ಮೇಯರಾದರು. ೧೯೮೩ರ ಕಾನೂನಿನಂತೆ ೧೯೮೭ರಲ್ಲಿ ನಡೆದ ಚುನಾವಣೆಯಲ್ಲಿ ಕರ್ನಾಟಕದ ಪಂಚಾಯತಿಗಳಲ್ಲಿ ನೂರಕ್ಕೆ ೨೫ರಷ್ಟು ಸ್ಥಾನಗಳು ಹೆಂಗಸರಿಗೆ ಮೀಸಲಾದವು. ದೇಶಕ್ಕೆಲ್ಲ ಮೂರನೆಯ ಒಂದು ಭಾಗವನ್ನು ಕೊಟ್ಟ ಸಂವಿಧಾನದ ೭೩ನೆಯ ತಿದ್ದುಪಡಿ ಜಾರಿಗೆ ಬಂದುದು ೧೯೯೩ರಲ್ಲಿ. ೨೦೧೦ರಲ್ಲಿ ನಮ್ಮ ರಾಜ್ಯ ಅದನ್ನು ಅರ್ಧಕ್ಕೆ ಏರಿಸಿತು. ೨೦೧೫ರ ಬೆಂಗಳೂರು ಮಹಾನಗರ ಪಾಲಿಕೆಯ ಚುನಾವಣೆಯಲ್ಲಿಯೂ ಅರ್ಧದಷ್ಟು ವಾರ್ಡುಗಳು ಹೆಂಗಸರದಾದವು. ೨೦೨೫ರಲ್ಲಿ ಆ ಪಾಲಿಕೆಯನ್ನು ಐದಾಗಿ ವಿಂಗಡಿಸಿದಾಗ ಯಲಹಂಕ ಬೆಂಗಳೂರು ಉತ್ತರ ನಗರ ಪಾಲಿಕೆಗೆ ಸೇರಿತು.

ಸ್ಥಾನ ಬಂದಿತು, ಅಧಿಕಾರ ಬಂದಿತೇ? ಪಂಚಾಯತಿಯ ಅಧ್ಯಕ್ಷೆ ಕೂರಬೇಕಾದ ಕಡೆ ಆಕೆಯ ಯಜಮಾನರು ಕೂತು ಮಾತಾಡುವುದನ್ನು ನೀವು ಕಂಡಿರುತ್ತೀರಿ. ಸಹಿ ಹೆಂಡತಿಯದು, ಸದ್ದು ಗಂಡನದು. ಕರಗ ಹೊರುವವನು ಬಳೆ ತೊಟ್ಟು ತನ್ನ ಗಂಡುತನವನ್ನು ಇಳಿಸಿ ದೇವಿಗೆ ಮೈಯನ್ನು ಕೊಡುತ್ತಾನೆ. ಈ ಯಜಮಾನರು ಬಳೆಯನ್ನೂ ತೊಡದೆ, ಹಮ್ಮನ್ನೂ ಇಳಿಸದೆ, ಹೆಂಡತಿಯ ಕುರ್ಚಿಯನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಎರಡರಲ್ಲಿ ಯಾವುದು ಧರ್ಮ, ಯಾವುದು ವೇಷ ಎಂಬುದನ್ನು ವಾಚಕರೇ ನಿರ್ಣಯಿಸಲಿ.

ಕೊನೆಯದಾಗಿ ಒಬ್ಬ ತಾಯಿಯನ್ನು ನೆನೆದು ಮುಗಿಸುತ್ತೇನೆ. ಯಲಹಂಕದ ಪ್ರಭುಗಳು ೧೬೩೮ರಲ್ಲಿ ಬೆಂಗಳೂರನ್ನು ಕಳೆದುಕೊಂಡು ಮಾಗಡಿಗೆ ಹೋಗಿ ನೆಲೆಸಿದರು. ಅದೇ ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಲ್ಲಿ ತಿಮ್ಮಕ್ಕ ಎಂಬ ಕೂಲಿಯ ಹೆಂಗಸಿದ್ದರು. ಮಕ್ಕಳಾಗಲಿಲ್ಲ. ಮಕ್ಕಳಿಲ್ಲದವಳಿಗೆ ನಮ್ಮ ಹಳ್ಳಿಗಳು ಆಡುವ ಮಾತುಗಳನ್ನು ನಾನು ಇಲ್ಲಿ ಬರೆಯಬೇಕಾಗಿಲ್ಲ. ಆಕೆ ಗಂಡ ಚಿಕ್ಕಯ್ಯನೊಡನೆ ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಹೋಗುವ ರಸ್ತೆಯ ಬದಿಗೆ ಆಲದ ಸಸಿಗಳನ್ನು ನೆಟ್ಟರು. ಕೊಡದಲ್ಲಿ ನೀರು ಹೊತ್ತು ಹಾಕಿದರು; ದನ ಮೇಯದಂತೆ ಮುಳ್ಳು ಕಟ್ಟಿದರು. ಸುಮಾರು ನಾಲ್ಕು ಕಿಲೋಮೀಟರು ಉದ್ದ ೩೮೫ ಆಲದ ಮರಗಳು ಬೆಳೆದು ನಿಂತವು. ಲೋಕ ಆಕೆಯನ್ನು ಸಾಲುಮರದ ತಿಮ್ಮಕ್ಕ ಎಂದಿತು. ೨೦೧೯ರಲ್ಲಿ ಪದ್ಮಶ್ರೀ ಬಂದಿತು. ೨೦೨೫ರ ನವೆಂಬರಿನಲ್ಲಿ ತುಂಬು ಮುಪ್ಪಿನಲ್ಲಿ ಕಣ್ಮುಚ್ಚಿದರು.

ಆ ಮರಗಳು ನಿಂತಿರುವುದು ಯಾರ ಹೊಲದಲ್ಲಿಯೂ ಅಲ್ಲ, ಎಲ್ಲರೂ ನಡೆಯುವ ರಸ್ತೆಯಲ್ಲಿ. ಹೆರದೆ ಪೊರೆದವಳು, ಮನೆಯ ಹೊಸ್ತಿಲಾಚೆ ತಾಯಾದವಳು, ಊರ ನೆರಳನ್ನು ಕಾದವಳು. ಮಾರಮ್ಮನ ಮೂರು ಉದ್ಯೋಗಗಳ ಮಾತು ಬಂದಿತಲ್ಲವೆ? ನಾಲ್ಕನೆಯದನ್ನು ತಿಮ್ಮಕ್ಕ ಸೇರಿಸಿದರು. ಇದಕ್ಕಾಗಿ ಆಕೆ ಸಾಯಬೇಕಾಗಲಿಲ್ಲ; ಬದುಕಬೇಕಾಯಿತು, ಅದೂ ದೀರ್ಘವಾಗಿ.

ವಾಚಕರೆ, ನಿಮ್ಮ ಬೀದಿಯಲ್ಲಿ ಮುಂದಿನ ಸಲ ಅಮ್ಮನನ್ನು ಕೂರಿಸುವಾಗ ಆರತಿಯ ತಟ್ಟೆ ಹಿಡಿದ ಹೆಂಗಸರನ್ನು ಒಮ್ಮೆ ನೋಡಿರಿ. ವಂತಿಗೆಯ ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ, ಮೈಕಿನ ಮುಂದೆ ಯಾರಿದ್ದಾರೆ, ಚರಂಡಿಯ ದೂರನ್ನು ವಾರ್ಡಿನ ಸಭೆಗೆ ಒಯ್ಯುವವರು ಯಾರು ಎಂದು ಕೇಳಿಕೊಳ್ಳಿರಿ. ಮನೆಯಲ್ಲಿ ಹೆಂಗಸಿಗೆ ಸಭೆಗೆ ಹೋಗುವ ದಿನ ಬಂದರೆ ಅಂದಿನ ಅಡುಗೆಯನ್ನು ಯಾರು ಮಾಡುವರೆಂದೂ ಕೇಳಿಕೊಳ್ಳಿರಿ. ಹೆಬ್ಬಾಳದ ಹಿರಿಯರು ಊರು ಕಾದವನಿಗೆ ಕಲ್ಲು ನಿಲ್ಲಿಸಿದರು. ಊರು ಕಾಯುವ ಹೆಣ್ಣಿಗೆ ಕಲ್ಲು ಬೇಡ, ಗುಡಿಯೂ ಬೇಡ. ಬದುಕಿರುವಾಗಲೇ ಒಂದು ಕುರ್ಚಿ, ಆ ಕುರ್ಚಿಯಲ್ಲಿ ಕೂತು ಆಡಿದ ಮಾತಿಗೆ ಬೆಲೆ, ಇಷ್ಟು ಸಾಕು. ‘ಅಮ್ಮ’ ಎಂಬ ಮಾತಿನ ಪೂರ್ಣಾರ್ಥ ಆಗ ಕನ್ನಡಿಗರಿಗೆ ತಿಳಿದಂತಾಗುತ್ತದೆ.